ಅಲರ್ಜಿ ಇರುವ ನಾಯಿಗೆ ಕ್ಲೋರ್‌ಹೆಕ್ಸಿಡಿನ್–ಕೀಟೋಕೊನಜೋಲ್ ಶಾಂಪೂ: ಬಳಸಿ ಕಂಡದ್ದು

ನಾಯಿಗಳ ಚರ್ಮದ ಸೋಂಕಿಗೆ ಪಶುವೈದ್ಯರು ಬರೆದುಕೊಡುವ, ಕ್ಲೋರ್‌ಹೆಕ್ಸಿಡಿನ್ ಎಂಬ ಬ್ಯಾಕ್ಟೀರಿಯಾನಾಶಕ ಮತ್ತು ಕೀಟೋಕೊನಜೋಲ್ ಎಂಬ ಶಿಲೀಂಧ್ರನಾಶಕ ಎರಡನ್ನೂ ಒಳಗೊಂಡ ಶಾಂಪೂವನ್ನು ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಮುಧೋಳ ತಳಿಯ ಹೆಣ್ಣು ನಾಯಿಗೆ ಬಹುಕಾಲದಿಂದ ಬಳಸುತ್ತ ಬಂದಿದ್ದೇವೆ. ಇದೇ ಮಿಶ್ರಣವನ್ನು ಹಲವು ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುವುದರಿಂದ, ಬ್ರ್ಯಾಂಡಿನ ಗೋಜಿಗೆ ಹೋಗದೆ ಬಾಟಲಿಯೊಳಗಿನ ಔಷಧಿಯ ಬಗ್ಗೆಯೇ ಬರೆಯುತ್ತಿದ್ದೇನೆ. ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಇದರಿಂದ ಅಲರ್ಜಿಯೇ ವಾಸಿಯಾಗುತ್ತದೆ ಎಂದು ನಂಬಿ ಕೊಂಡವರಿಗೆ ನಿರಾಸೆ ಖಂಡಿತ.

ಧೂಳಿನ ನುಸಿ, ಪರಾಗ, ಬೂಷ್ಟು ಮುಂತಾದವುಗಳಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸುವ ಅಟೋಪಿಕ್ ಡರ್ಮಟೈಟಿಸ್ ಎಂಬ ಅಲರ್ಜಿ ಸಾಮಾನ್ಯವಾಗಿ ನಾಯಿಗೆ 6 ತಿಂಗಳು ತುಂಬಿದ ಮೇಲೆ, 3 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ ಮತ್ತು ಬಹುಮಟ್ಟಿಗೆ ಜೀವನಪರ್ಯಂತ ಉಳಿಯುತ್ತದೆ. ನಾಯಿ ಕೆರೆದು, ನೆಕ್ಕಿ, ಕಚ್ಚಿಕೊಂಡು ಚರ್ಮದ ಮೇಲ್ಪದರ ಹಾಳಾದಾಗ, ಆರೋಗ್ಯವಂತ ನಾಯಿಯ ಮೈಮೇಲೂ ತಮ್ಮ ಪಾಡಿಗೆ ತಾವಿರುವ ಸ್ಟ್ಯಾಫಿಲೊಕಾಕಸ್ ಸೂಡಿಂಟರ್‌ಮೀಡಿಯಸ್ ಎಂಬ ಬ್ಯಾಕ್ಟೀರಿಯಾ ಮತ್ತು ಮಲಸೇಜಿಯಾ ಎಂಬ ಯೀಸ್ಟ್ ಮಿತಿಮೀರಿ ಬೆಳೆಯುತ್ತವೆ. ಅವುಗಳಿಂದಲೂ ತುರಿಕೆ ಹುಟ್ಟುವುದರಿಂದ ಮೂಲ ಕಾಯಿಲೆ ಯಾವುದು, ಸೋಂಕು ಯಾವುದು ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಶಾಂಪೂ ಹಿಡಿದು ನಿಲ್ಲಿಸುವುದು ಈ ಎರಡನೆಯದನ್ನು.

ನಮ್ಮ ನಾಯಿಗೆ ಇದು ಎದ್ದು ಕಾಣುವುದು ಮಳೆಗಾಲದಲ್ಲಿ, ಆಲಮಟ್ಟಿಯ ಹಿನ್ನೀರು ಹಳೆಯ ಊರಿನತ್ತ ಏರಿ ಖಾಲಿ ನಿವೇಶನಗಳಲ್ಲೆಲ್ಲ ಕಾಂಗ್ರೆಸ್ ಕಸ ಹೂ ಬಿಡುವ ಹೊತ್ತಿಗೆ. ಮುಂಗಾಲಿನ ಬೆರಳಸಂದುಗಳನ್ನು ನೆಕ್ಕಿ ನೆಕ್ಕಿ, ಎಂಜಲಿನ ಬಣ್ಣ ಹತ್ತಿ ಅಲ್ಲಿನ ಬಿಳಿಯ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಕಂಕುಳಲ್ಲಿ ಚರ್ಮ ದಪ್ಪಗಾಗಿ, ಮುಟ್ಟಿದರೆ ಜಿಡ್ಡು, ಮೂಸಿದರೆ ಹಳೆಯ ಎಣ್ಣೆಯ ಕಮಟು ವಾಸನೆ. ವೈದ್ಯರು ಪಾರದರ್ಶಕ ಅಂಟುಪಟ್ಟಿಯನ್ನು ಆ ಜಾಗಕ್ಕೆ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ ಯೀಸ್ಟ್ ಹೆಚ್ಚಾಗಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಈ ಶಾಂಪೂ ಬರೆದುಕೊಟ್ಟರು. ಆರಂಭದಲ್ಲಿ ವಾರಕ್ಕೆ ಎರಡು ಸಲ, ಸೋಂಕು ತಗ್ಗಿದ ಮೇಲೆ ವಾರಕ್ಕೆ ಒಂದು ಸಲ ಎಂಬುದು ಅವರ ಸೂಚನೆ. ಮೊದಲು ಹೋದದ್ದು ವಾಸನೆ, ಆಮೇಲೆ ಜಿಡ್ಡು. ಕಾಲು ನೆಕ್ಕುವುದು ಕಡಿಮೆಯಾಯಿತೇ ಹೊರತು ಪೂರ್ತಿ ನಿಂತಿಲ್ಲ.

ಈ ಶಾಂಪೂವಿನ ಫಲವೆಲ್ಲ ನಿಂತಿರುವುದು ನೊರೆಯನ್ನು ಮೈಮೇಲೆ 10 ನಿಮಿಷ ಬಿಡುವುದರ ಮೇಲೆ. ಹಚ್ಚಿದ ತಕ್ಷಣ ತೊಳೆದರೆ ಔಷಧಿ ಮೋರಿಗೆ ಹೋದಂತೆಯೇ. ಹತ್ತು ನಿಮಿಷ ಎನ್ನುವುದು ಓದಲು ಸುಲಭ; ಮೈಯಲ್ಲಿ ಕೊಬ್ಬೇ ಇಲ್ಲದ, ಕೂದಲು ಚಿಕ್ಕದಾದ ಮುಧೋಳ ನಾಯಿ ಡಿಸೆಂಬರಿನ ಬೆಳಗಿನಲ್ಲಿ ನಡುಗುತ್ತ ನಿಂತಾಗ ಅದು ಎಷ್ಟು ದೀರ್ಘವೆಂದು ಹಿಡಿದುಕೊಂಡವರಿಗೇ ಗೊತ್ತು. ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ, ಬೇಸಿಗೆಯಲ್ಲಿ ತಣ್ಣೀರಿನಲ್ಲಿ ಸ್ನಾನ ಮಾಡಿಸುವುದು, ಹೆಚ್ಚು ತೊಂದರೆಯಿರುವ ಪಂಜ ಮತ್ತು ಕಂಕುಳಿಗೆ ಮೊದಲು ಹಚ್ಚಿ ಬೆನ್ನಿಗೆ ಕೊನೆಯಲ್ಲಿ ಹಚ್ಚುವುದು ನಮ್ಮ ರೂಢಿ. ಬಾಟಲಿಯ ಮೇಲೆ ಇನ್ನೂ ದೊಡ್ಡ ಅಕ್ಷರದಲ್ಲಿ ಇರಬೇಕಾಗಿದ್ದ ಮಾತೊಂದಿದೆ: ಸಾಮಾನ್ಯ ಸಾಬೂನು ಕ್ಲೋರ್‌ಹೆಕ್ಸಿಡಿನ್‌ನ ಶಕ್ತಿಯನ್ನು ಕುಂದಿಸುತ್ತದೆ. ಕೊಳೆ ಹೋಗಲೆಂದು ಮೊದಲು ಸಾಬೂನು ಹಚ್ಚುವ ಅಭ್ಯಾಸವಿದ್ದವರು ಅದನ್ನು ಲವಲೇಶವೂ ಉಳಿಯದಂತೆ ತೊಳೆದ ಮೇಲೆಯೇ ಇದನ್ನು ಹಚ್ಚಬೇಕು. ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪದರಕ್ಕೆ ಹಾನಿಯಾಗಬಹುದು, ಕಿವಿಯೊಳಗಂತೂ ಇಳಿಯಲೇಬಾರದು. ನಾಯಿ ಒರೆಸಿದ ಟವೆಲನ್ನು ಬ್ಲೀಚಿಂಗ್ ಪುಡಿಯಲ್ಲಿ ನೆನೆಹಾಕಿದರೆ ಕ್ಲೋರಿನ್ ಜೊತೆ ಸೇರಿ ಎಂದೂ ಹೋಗದ ಕಂದು ಕಲೆಗಳು ಮೂಡುತ್ತವೆ, ಆದ್ದರಿಂದ ಆ ಟವೆಲು ಬೇರೆಯೇ ಇರಲಿ.

ಬೆಲೆ ಅಂಗಡಿಯ ಸಾಮಾನ್ಯ ನಾಯಿ ಶಾಂಪೂವಿಗಿಂತ ಬಹಳ ಹೆಚ್ಚು. ಮುಧೋಳ ತಳಿಯವರಿಗೆ ಇದು ಅಷ್ಟಾಗಿ ಬಾಧಿಸದು, ಏಕೆಂದರೆ ಆ ಕೂದಲಿಗೆ ಸ್ವಲ್ಪವೇ ಸಾಕು. ಜರ್ಮನ್ ಶೆಫರ್ಡ್ ಸಾಕಿದವರಿಗೆ ಮಾತ್ರ ಬಾಟಲಿಗಳು ನೋಡುನೋಡುತ್ತಿದ್ದಂತೆ ಮುಗಿಯುತ್ತವೆ. ನಮ್ಮ ಓಣಿಯ ಹಿರಿಯರೊಬ್ಬರು "ಬೇವಿನ ತಪ್ಪಲ ಕುದಿಸಿ ಹಾಕ್ರಿ, ಸಾಕು" ಎನ್ನುತ್ತಾರೆ. ಆರಿಸಿದ ಬೇವಿನ ನೀರಿನಿಂದ ದೊಡ್ಡ ಕೇಡೇನೂ ಆಗದಿದ್ದರೂ ಬಲಿತ ಸೋಂಕಿಗೆ ಅದು ಸಾಲದು. ಹಳ್ಳಿಗಳಲ್ಲಿ ಇಂದಿಗೂ ಕಜ್ಜಿ ನಾಯಿಗೆ ಬಳಿಯುವ ಸುಟ್ಟ ಎಂಜಿನ್ ಎಣ್ಣೆ ಮಾತ್ರ ಶುದ್ಧ ವಿಷ. ನಾಯಿ ಅದನ್ನು ನೆಕ್ಕಿ ನುಂಗುತ್ತದೆ. ಅದಕ್ಕೂ ಕಡಿಮೆಯಲ್ಲದ ಕಿರಿಕಿರಿ ನಮಗಾದದ್ದು ಊರಿನ ಒಂದು ಔಷಧಿ ಅಂಗಡಿಯಲ್ಲಿ: ಚೀಟಿ ತೋರಿಸಿದರೂ "ಎಲ್ಲಾ ಒಂದೇ" ಎನ್ನುತ್ತ ಮನುಷ್ಯರ ಹುಳುಕಡ್ಡಿಯ ಮುಲಾಮನ್ನು ಕೈಗಿಟ್ಟರು. ಅದರಲ್ಲಿ ಕ್ಲೊಬೆಟಸಾಲ್ ಎಂಬ ಪ್ರಬಲ ಸ್ಟಿರಾಯ್ಡ್ ಇತ್ತು. ಚರ್ಮವನ್ನು ತೆಳುವಾಗಿಸುವ ಆ ಮುಲಾಮನ್ನು ನಾಯಿ ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ಶಾಂಪೂವಿನ ವ್ಯಾಪ್ತಿಗೆ ಬಾರದ ಸಂಗತಿಗಳೂ ಇವೆ. ತುರಿಕೆ ಬಾಲದ ಬುಡ ಮತ್ತು ಸೊಂಟದ ಮೇಲೆಯೇ ಹೆಚ್ಚಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಚಿಗಟವನ್ನು, ಕಿವಿಯ ಅಂಚು ಮತ್ತು ಮೊಣಕೈಯಲ್ಲಿದ್ದರೆ ಸಾರ್ಕೋಪ್ಟಿಸ್ ನುಸಿಯನ್ನು. ಈ ನುಸಿ ಮನೆಯವರಿಗೂ ತುರಿಕೆ ಹತ್ತಿಸುತ್ತದೆ. ಚಿಗಟ ಮತ್ತು ಉಣ್ಣೆಗಳಿಗೆ ಫ್ಲುರಾಲೇನರ್ ಗುಳಿಗೆ ಸುಮಾರು 12 ವಾರ, ಅಫಾಕ್ಸೊಲೇನರ್ ಗುಳಿಗೆ ಒಂದು ತಿಂಗಳು ಕೆಲಸ ಮಾಡುತ್ತವೆ, ಆದರೆ ಫಿಟ್ಸ್ ಬಂದಿದ್ದ ನಾಯಿಗಾದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಕಬ್ಬಿನ ರವದಿಯಲ್ಲಿ ಓಡಾಡುವ ನಾಯಿಗಳಿಗೆ ಉಣ್ಣೆಯ ಕಾಟ ತಪ್ಪಿದ್ದಲ್ಲ. ಮತ್ತೆ ಮತ್ತೆ ಜ್ವರ ಬಂದು ಊಟ ಬಿಟ್ಟರೆ ಉಣ್ಣೆಯಿಂದ ಹರಡುವ ಎರ್ಲಿಕಿಯಾ, ಬಬೇಸಿಯಾ ರೋಗಗಳಿಗಾಗಿ ರಕ್ತಪರೀಕ್ಷೆಯೇ ಆಗಬೇಕು. ಆಹಾರದ ಅಲರ್ಜಿಯ ಅನುಮಾನವಿದ್ದರೆ ಹಿಂದೆಂದೂ ತಿನ್ನದ ಒಂದು ಮಾಂಸ ಮತ್ತು ಒಂದು ಧಾನ್ಯವನ್ನಷ್ಟೇ ಕನಿಷ್ಠ 8 ವಾರ ಕೊಟ್ಟು ನೋಡುವುದನ್ನು ಬಿಟ್ಟರೆ ನಂಬಬಹುದಾದ ಪರೀಕ್ಷೆ ಇಲ್ಲ. ಈ ಅವಧಿಯಲ್ಲಿ ಮಕ್ಕಳು ಕದ್ದು ಹಾಕುವ ಬಿಸ್ಕತ್ತು, ಅಜ್ಜಿ ಹಾಕುವ ಮಜ್ಜಿಗೆ–ರೊಟ್ಟಿ ಎರಡೂ ನಿಲ್ಲಬೇಕು, ಮತ್ತು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಇದೇ.

ತುರಿಕೆ ವಿಪರೀತವಾದಾಗ ಆಕ್ಲಾಸಿಟಿನಿಬ್ ಗುಳಿಗೆ ನಮಗೆ ನೆರವಾಗಿದೆ. ಒಂದು ವರ್ಷ ತುಂಬದ ನಾಯಿಗಳಿಗೆ ಅದನ್ನು ಕೊಡುವಂತಿಲ್ಲ. ದಿನಕ್ಕೆ ಎರಡು ಸಲದ ಪ್ರಮಾಣವನ್ನು 14 ದಿನಗಳಾಚೆಗೆ ಮುಂದುವರಿಸದೆ ದಿನಕ್ಕೊಮ್ಮೆಗೆ ಇಳಿಸಬೇಕು. ಗುಳಿಗೆಯ ದಿನಗಳಲ್ಲೂ ವಾರದ ಸ್ನಾನವನ್ನು ನಾವು ಬಿಟ್ಟಿಲ್ಲ, ಏಕೆಂದರೆ ಗುಳಿಗೆ ತುರಿಕೆಯನ್ನು ತಗ್ಗಿಸಿದರೂ ಯೀಸ್ಟನ್ನು ಕೊಲ್ಲುವುದಿಲ್ಲ. ಕೊಳ್ಳುವವರು ಕ್ಲೋರ್‌ಹೆಕ್ಸಿಡಿನ್ ಶೇ. 2ಕ್ಕಿಂತ ಕಡಿಮೆಯಿಲ್ಲದ ಬಾಟಲಿಯನ್ನು, ಅವಧಿ ಮುಗಿಯುವ ದಿನಾಂಕ ನೋಡಿ, ಮೊದಲು ಚಿಕ್ಕ ಗಾತ್ರದಲ್ಲಿಯೇ ಕೊಳ್ಳಲಿ. ಹಚ್ಚಿದ ಮೇಲೆ ಚರ್ಮ ಕೆಂಪೇರಿದರೆ ತಕ್ಷಣ ತೊಳೆದು ವೈದ್ಯರಿಗೆ ತೋರಿಸಲಿ.