ಕಳಸದ ಕಡೆ ಕ್ಯಾಬಿನ್ ಬುಕ್ ಮಾಡುವವರು ದಯವಿಟ್ಟು ಇದನ್ನು ಓದಿ

ದಸರಾ ರಜೆಗೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಹೋಂಸ್ಟೇ ಹುಡುಕುತ್ತಿರುವವರಿಗೆ ಒಂದು ಮಾತು. ಇನ್‌ಸ್ಟಾಗ್ರಾಂನಲ್ಲಿ "ಮರದ ಕ್ಯಾಬಿನ್, ಕಿಟಕಿಯಿಂದಲೇ ಕುದುರೆಮುಖ" ಅನ್ನೋ ಪೇಜ್ ಕಂಡರೆ ದುಡ್ಡು ಹಾಕುವ ಮುಂಚೆ ಸ್ವಲ್ಪ ತಡೆಯಿರಿ. ಕೆಲವು ಪೇಜ್‌ಗಳು ತೋರಿಸುವ ಜಾಗವೇ ಇರುವುದಿಲ್ಲ. ಹೋದ ವರ್ಷ ನಮ್ಮ ಮನೆಯವರೆಲ್ಲ ಅನುಭವಿಸಿದ್ದನ್ನು ಬರೆಯುತ್ತಿದ್ದೇನೆ.

ಅಂಥ ಒಂದು ಪೇಜ್ ನಡೆಸುತ್ತಿದ್ದ ಮನುಷ್ಯ ನಮ್ಮ ಜೊತೆ ಮಾತಾಡಿದ್ದು ಒಳ್ಳೆಯ ಕನ್ನಡದಲ್ಲೇ. "ಅಮ್ಮನಿಗೆ ಮಂಡಿ ನೋವಾ ಮೇಡಂ? ಹಾಗಾದ್ರೆ ಕೆಳಗಿನ ಕ್ಯಾಬಿನ್ ಕೊಡ್ತೀನಿ, ಮೆಟ್ಟಿಲಿರಲ್ಲ" ಅಂದ. ಊಟಕ್ಕೆ ಅಕ್ಕಿರೊಟ್ಟಿ, ಕಡುಬು, ಕೋಳಿ ಸಾರು ಎಂದು ಪಟ್ಟಿ ಕಳಿಸಿದ. ಬಾಡಿಗೆಯ ಅರ್ಧ ದುಡ್ಡನ್ನು ಯುಪಿಐನಲ್ಲಿ ಮುಂಗಡವಾಗಿ ಕೊಟ್ಟೆವು. ಕುದುರೆಮುಖ ಚಾರಣದ ಪರ್ಮಿಟ್ ತಾನೇ ಮಾಡಿಸಿಕೊಡುವುದಾಗಿ ಹೇಳಿ ತಲೆಗಿಷ್ಟು ಅಂತ ಅದಕ್ಕೂ ತೆಗೆದುಕೊಂಡ. ಎಲ್ಲದಕ್ಕೂ ರಸೀದಿ ಬಂತು, ಜಿಎಸ್‌ಟಿ ನಂಬರ್ ಸಮೇತ.

ಅವನು ಕಳಿಸಿದ ಲೊಕೇಶನ್ ಹಿಡಿದು ಕಳಸ ದಾಟುವಷ್ಟರಲ್ಲಿ ಸಂಜೆಯಾಗಿತ್ತು. ಜೋರು ಮಳೆ ಬೇರೆ. ದಾರಿ ಹೋಗಿ ನಿಂತದ್ದು ಒಂದು ಕಾಫಿ ತೋಟದ ಗೇಟಿನ ಮುಂದೆ. ಕೊಡೆ ಹಿಡಿದು ಬಂದ ತೋಟದ ರೈಟರ್ (ಲೆಕ್ಕ ನೋಡಿಕೊಳ್ಳುವವರು) ಕಾರಿನ ಕಿಟಕಿಗೆ ಬಗ್ಗಿ, "ಹೋಂಸ್ಟೇ ಅಂತ ಬಂದ್ರಾ?" ಎಂದರು. ಆ ದನಿಯಲ್ಲೇ ಗೊತ್ತಾಯಿತು, ಹೀಗೆ ಬಂದವರಲ್ಲಿ ನಾವು ಮೊದಲಿನವರಲ್ಲ. ಫೋಟೋ ತೋರಿಸಿದೆವು. ಅವರು ಫೋನನ್ನು ಕೊಡೆಯ ಕೆಳಗೆ ಹಿಡಿದು, ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. "ಇದು ಪೈನ್ ಮರ ಅಲ್ವಾ? ನಮ್ಮ ತೋಟದಲ್ಲಿ ನೆರಳಿಗೆ ಇರೋದು ಸಿಲ್ವರ್ ಓಕ್, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರ್ತೀವಿ. ಈ ಫೋಟೋ ಎಲ್ಲೋ ಹಿಮಾಚಲದ ಕಡೇದಿರ್ಬೇಕು" ಎಂದರು. ಅವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. "ಹೊರನಾಡಿಗೆ ಹೋಗಿ, ದೇವಸ್ಥಾನದಲ್ಲಿ ಊಟ ಆಗುತ್ತೆ, ಅಲ್ಲೇ ರೂಮೂ ಕೇಳಿ" ಎಂದು ದಾರಿ ಹೇಳಿದ್ದೂ ಆ ರೈಟರೇ. ಅವರ ಉಪಕಾರ ಮರೆಯುವ ಹಾಗಿಲ್ಲ.

ಚಾರಣದ ಪರ್ಮಿಟ್ಟೂ ಸುಳ್ಳೇ. ಅದು ಸಿಗುವುದು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟ್‌ನಲ್ಲಿ. ಹೋಗುವ ಪ್ರತಿಯೊಬ್ಬರ ಹೆಸರು, ಗುರುತಿನ ಚೀಟಿಯ ವಿವರ ಕೊಡಬೇಕು, ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿಯೂ ಇದೆ. ನಿಮ್ಮ ಗುರುತಿನ ಚೀಟಿಯನ್ನೇ ಕೇಳದೆ ಪರ್ಮಿಟ್ ಮಾಡಿಸ್ತೀನಿ ಅನ್ನುವವರನ್ನು ನಂಬಬೇಡಿ. ಮುಳ್ಳಯ್ಯನಗಿರಿಗೂ 2025ರಿಂದ ವಾಹನಗಳಿಗೆ ಆನ್‌ಲೈನ್ ನೋಂದಣಿ ಬಂದಿದೆ. ಅದನ್ನೂ ನೀವೇ ಮಾಡಿಕೊಳ್ಳಿ, ಮಧ್ಯದವರು ಬೇಡ.

ಇದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಮಾರನೇ ದಿನ ಅವನೇ ಮೆಸೇಜ್ ಮಾಡಿ ಕ್ಷಮೆ ಕೇಳಿದ. ದುಡ್ಡು ವಾಪಸ್ ಕೊಡ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ಅಣ್ಣ ಸ್ಕ್ಯಾನ್ ಮಾಡಲು ಹೊರಟಿದ್ದ, ಅತ್ತಿಗೆ ಕೈ ಹಿಡಿದು ತಡೆದರು. ದುಡ್ಡು ನಮಗೆ ಬರುವುದಕ್ಕೆ ಪಿನ್ ಹಾಕಬೇಕಾಗಿಲ್ಲ. ಪಿನ್ ಹಾಕಿದರೆ ನಮ್ಮ ಖಾತೆಯಿಂದಲೇ ಹೋಗುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಇದೊಂದನ್ನು ಕೂರಿಸಿಕೊಂಡು ಹೇಳಿಕೊಡಿ.

ಮೋಸ ಆಗಿದೆ ಅಂತ ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ಸಹಾಯವಾಣಿ. ಮುಳ್ಳಯ್ಯನಗಿರಿಯ ಎತ್ತರವೂ ಸುಮಾರು 1930 ಮೀಟರ್, ಹಾಗೆ ನೆನಪಿಟ್ಟುಕೊಳ್ಳಿ. ಬೇಗ ಹೇಳಿದಷ್ಟೂ ಒಳ್ಳೆಯದು. ದುಡ್ಡು ಆ ಖಾತೆಯಲ್ಲಿ ಇನ್ನೂ ಇದ್ದರೆ ಬ್ಯಾಂಕಿನವರು ತಡೆಹಿಡಿಯಬಹುದು, ಮುಂದಿನ ಖಾತೆಗೆ ಹೋಗುತ್ತಾ ಹೋದರೆ ಕಷ್ಟ. ಯುಪಿಐ ವ್ಯವಹಾರದ ನಂಬರ್, ಚಾಟ್‌ಗಳ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ.

ಹಾಗಂತ ಮಲೆನಾಡಿನ ಹೋಂಸ್ಟೇಯವರನ್ನೆಲ್ಲ ಅನುಮಾನದಿಂದ ನೋಡುವುದು ಅನ್ಯಾಯ. ನಿಜವಾದವರೂ ವಾಟ್ಸಾಪ್‌ನಲ್ಲೇ ಮಾತಾಡುತ್ತಾರೆ, ಮುಂಗಡವನ್ನೂ ಕೇಳುತ್ತಾರೆ. ಮಳೆಗಾಲದಲ್ಲಿ ಕರೆಂಟು, ಸಿಗ್ನಲ್ ಎರಡೂ ಇಲ್ಲದೆ ಫೋನ್ ಎತ್ತದಿರುವುದೂ ಉಂಟು. ಇದೆಲ್ಲ ಗೊತ್ತಿದ್ದೇ ಮೋಸಗಾರರು ಅಲ್ಲಿಯ ಹೆಸರು ಹಿಡಿದಿದ್ದಾರೆ. ಅದಕ್ಕೇ ಆ ಜಾಗದಲ್ಲಿ ಇರುವವರಿಗೆ ಮಾತ್ರ ಗೊತ್ತಿರುವುದನ್ನು ಕೇಳಿ. ಬಸ್ಸಲ್ಲಿ ಬಂದರೆ ಯಾವ ಸ್ಟಾಪಿನಲ್ಲಿ ಇಳಿಯಬೇಕು? ಕೊನೆಯ ದಾರಿಗೆ ಕಾರು ಬರುತ್ತಾ, ಜೀಪೇ ಬೇಕಾ? ನಿಮ್ಮಲ್ಲಿ ಯಾವ ಸಿಮ್ಮಿಗೆ ಸಿಗ್ನಲ್ ಬರುತ್ತೆ? ನಿಜವಾದ ಮನೆಯವರು ಇದಕ್ಕೆ ಯೋಚಿಸದೆ ಉತ್ತರ ಕೊಡುತ್ತಾರೆ, ಜೊತೆಗೆ ಜಿಗಣೆ ಜಾಸ್ತಿ ಇದೆ ಅಂತಲೂ ಅವರೇ ಹೇಳುತ್ತಾರೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ ಕಳಿಸಿ ಎಂದು ಕೇಳುವುದರಲ್ಲೂ ತಪ್ಪಿಲ್ಲ. ವಿಡಿಯೋ ಕಾಲ್ ಮಾಡಿ ಅಂಗಳ ತೋರಿಸಿ ಅನ್ನಿ. ಸಿಗ್ನಲ್ ಇಲ್ಲ ಅಂದರೆ ಅಂಗಳದಲ್ಲಿ ಮಾಡಿದ ವಿಡಿಯೋವನ್ನು ಪೇಟೆಗೆ ಬಂದಾಗ ಕಳಿಸಲಿ, ಅದರಲ್ಲಿ ನಿಮ್ಮ ಹೆಸರು ಹೇಳಲಿ. ಫೋಟೋಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಬೇರೆ ಕಡೆಯವಾಗಿದ್ದರೆ ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತವೆ.

ನಾವು ದೂರು ಕೊಟ್ಟ ಮೇಲೆ ಆ ಪೇಜ್ ಕಾಣೆಯಾಯಿತು. ಈಗ ಅದೇ ಫೋಟೋಗಳು ಸಕಲೇಶಪುರದ ಹೆಸರಲ್ಲಿ ಮತ್ತೆ ಬಂದಿವೆ, "ದಸರಾಗೆ ಕೆಲವೇ ಕ್ಯಾಬಿನ್ ಉಳಿದಿವೆ" ಎಂದು ಬರೆದುಕೊಂಡಿದ್ದಾರೆ. ರಿಪೋರ್ಟ್ ಮಾಡಿದ್ದೇನೆ. ನಿಮಗೂ ಕಂಡರೆ ನೀವೂ ಮಾಡಿ.