ಭಾನುವಾರ ಸಂಜೆ ಬೈಬಲ್ ಕ್ಲಾಸ್, ಕೋಲಾರ: ಖಂಡಿತ ಹೋಗಿ

ಕೋಲಾರದ ಒಂದು ಚರ್ಚ್ ಹಾಲಲ್ಲಿ ನಡ್ಯೋ ಫ್ರೀ ಕ್ಲಾಸ್ ಇದು, ಈಗ ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕದ 15ನೇ ಅಧ್ಯಾಯ ನಡೀತಿದೆ, ಅಂದ್ರೆ ಯೆಹೂದ್ಯರಲ್ಲದವ್ರು ಯೇಸುನ ನಂಬಿದ್ರೆ ಸುನ್ನತಿನೂ ಮಾಡಿಸ್ಕೋಬೇಕಾ ಅಂತ ಅಂತಿಯೋಕ್ಯ ಅನ್ನೋ ಊರಲ್ಲಿ ಎದ್ದ ಜಗಳ ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನ ಸಭೆಯ ಹಿರಿಯರ ಮುಂದೆ ಹೋಗಿದ್ದು.

ಪಾಠ ಮಾಡೋ ಮೇಡಂ ಯಾವ್ದನ್ನೂ ಹಾರಿಸಲ್ಲ. ಯೇಸುನ ಶಿಷ್ಯ ಪೇತ್ರ ಎದ್ದು ನಮ್ಮ ಹಿರಿಯರ ಕೈಲೂ ಹೊರೋಕಾಗದ ನೊಗ ಯೆಹೂದ್ಯರಲ್ಲದ ಇವ್ರ ಹೆಗಲಿಗೆ ಯಾಕೆ ಅಂತಾನೆ, ಆಮೇಲೆ ಅಂತಿಯೋಕ್ಯದಿಂದ ಬಂದಿದ್ದ ಪೌಲ, ಬಾರ್ನಬ ಮಾತಾಡ್ತಾರೆ, ಕೊನೆಗೆ ಯೆರೂಸಲೇಮ್ ಸಭೆಯ ಮುಖಂಡ ಯಾಕೋಬ ತೀರ್ಮಾನ ಹೇಳ್ತಾನೆ: ಅನ್ಯಜನರಿಗೆ, ಅಂದ್ರೆ ಯೆಹೂದ್ಯರಲ್ಲದವ್ರಿಗೆ, ತೊಂದ್ರೆ ಕೊಡೋದು ಬೇಡ, ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿ, ಹಾದರ ಇವಿಷ್ಟನ್ನ ಬಿಟ್ರೆ ಸಾಕು. ಬರೀ ಬಾಯಿಮಾತಲ್ಲಿ ಮುಗಿಸ್ಲಿಲ್ಲ, ಅಂತಿಯೋಕ್ಯದವ್ರಿಗೆ ಪತ್ರ ಬರ್ದು ಯೂದ, ಸೀಲ ಅನ್ನೋ ಇಬ್ರನ್ನೂ ಜೊತೆಗೆ ಕಳಿಸಿದ್ರು, ಇದು ನಂಗೆ ತುಂಬಾ ಹಿಡಿಸ್ತು.

ಕ್ಲಾಸ್ ರಂಗೇರಿದ್ದು ಪೌಲ ಬರ್ದ ಗಲಾತ್ಯ ಪತ್ರದ 2ನೇ ಅಧ್ಯಾಯ ತೆಗ್ದಾಗ. ಅನ್ಯಜನರ ಜೊತೆ ಉಣ್ತಿದ್ದ ಪೇತ್ರ, ಯಾಕೋಬನ ಕಡೆಯವ್ರು ಬಂದ ತಕ್ಷಣ ಹಿಂದೆ ಸರಿದ, ಪೌಲ ಮುಖಕ್ಕೆ ಮುಖ ಕೊಟ್ಟು ಕೇಳ್ದ. ಹಿಂದಿನ ಸಾಲಿನ ಅಜ್ಜ ಒಬ್ರು "ಏನಮ್ಮಾ, ಪೇತ್ರನೇ ಹಂಗ್ ಮಾಡಿದ್ನಾ?" ಅಂದ್ರು, ಮೇಡಂ ಅವ್ರ ಕೈಲೇ ವಾಕ್ಯ ಓದಿಸಿದ್ರು. ಪಂಕ್ತಿಭೇದ ನೋಡಿರೋ ನಮ್ಮ ಕಡೆಯವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ ಬಿಡಿ.

ಮೈಕ್ ಇಲ್ಲ, ಫ್ಯಾನ್ ಸದ್ದಿಗೆ ಹಿಂದೆ ಸರಿಯಾಗಿ ಕೇಳ್ಸಲ್ಲ, ಬೇಗ ಹೋಗಿ ಮುಂದೆ ಕೂತ್ಕೊಳ್ಳಿ. ಕನ್ನಡ ಬೈಬಲ್ ಅಲ್ಲೇ ಕೊಡ್ತಾರೆ, ಬೇರೆ ಧರ್ಮದವ್ರೂ ಬರ್ತಾರೆ, ಯಾರೂ ಏನೂ ಕೇಳಲ್ಲ.