ಸೋತ ರಾತ್ರಿಯ ಲೆಕ್ಕ: ಒಮಾಹ ಹೈ-ಲೋಗೆ ವಹಿ ಮೇಲೋ, ಎಲೆ ಹರವಿ ನೋಡುವುದು ಮೇಲೋ, ಆ್ಯಪ್ ಮೇಲೋ?

ಒಮಾಹ ಹೈ-ಲೋ ಎಂಬ, ಪಾಟ್ (ಎಲ್ಲರೂ ಹಾಕಿದ ಬಿಲ್ಲೆಯ ರಾಶಿ) ಇಬ್ಭಾಗವಾಗುವ ಪೋಕರ್‌ನಲ್ಲಿ ಲುಕ್ಸಾನು ಸೋತ ಕೈಗಳಲ್ಲಷ್ಟೇ ಇರುವುದಿಲ್ಲ (ಒಮ್ಮೆ ಎಲೆ ಹಂಚಿ ಆಡಿ ಮುಗಿಸುವುದು ಒಂದು ಕೈ). ಅರ್ಧ ಪಾಟ್ ಎಳೆದುಕೊಂಡು ಖುಷಿಪಟ್ಟ ಕೈಗಳಲ್ಲೂ ಬಿಲ್ಲೆ ಸೋರಿರುತ್ತದೆ, ಅದು ಆಗ ಗೊತ್ತಾಗುವುದಿಲ್ಲ. ಹೀಗಾಗಿ ಸೋತ ಮೇಲೆ ಕೂತು ಕಲಿಯುವ ವಿಧಾನ ಯಾವುದೇ ಇರಲಿ, ನಾವು ಅದಕ್ಕೆ ಕೇಳಿದ್ದು ಒಂದೇ ಪ್ರಶ್ನೆ: ಗೆದ್ದ ಹಾಗೆ ಕಂಡ ಸೋಲನ್ನು ಇದು ಹಿಡಿದು ಕೊಡುತ್ತದೆಯೇ?

ಹೋಲಿಸಿ ನೋಡಿದ್ದು ನಾಲ್ಕು ವಿಧಾನ: ವಹಿಯಲ್ಲಿ ಜಮಾ-ಖರ್ಚು ಬರೆಯುವುದು, ಅದೇ ಕೈಯನ್ನು ಎಲೆ ಹರವಿ ಮತ್ತೆ ನಡೆಸುವುದು, ಗೆಲುವಿನ ಶೇಕಡಾ ಹೇಳುವ ಆ್ಯಪ್, ಮತ್ತೆ ಆಟ ಮುಗಿದ ಮೇಲಿನ ಚಹಾದ ಚರ್ಚೆ. ಆಟ ಬೆಳಗಾವಿಯ ಟಿಳಕವಾಡಿಯ ಒಂದು ಪಡಸಾಲೆಯಲ್ಲಿ, ಮಳೆಗಾಲದ ಸಂಜೆಗಳಲ್ಲಿ. ಆರು ಮಂದಿ, ತಲಾ 200 ಬಿಲ್ಲೆ, ಹಣ ಇಲ್ಲ. ಬೆಟ್ ಮಿತಿ 2-4: ಮೊದಲ ಎರಡು ಸುತ್ತಿಗೆ 2, ಕೊನೆಯ ಎರಡಕ್ಕೆ (ಟರ್ನ್, ರಿವರ್) 4. ಎಲೆ ಕಲೆಸಿ ಹಂಚುವುದು ಕೈಯಿಂದಲೇ ಆದ್ದರಿಂದ ಗಂಟೆಗೆ 20-25 ಕೈಗಿಂತ ಹೆಚ್ಚು ಆಗುವುದಿಲ್ಲ. ಆನ್‌ಲೈನ್ ಸೈಟುಗಳು ಪ್ರತಿ ಕೈಯನ್ನೂ ತಾವಾಗಿಯೇ ದಾಖಲಿಸಿಡುತ್ತಿದ್ದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ ಆ ಸೌಲಭ್ಯ ಹೋಯಿತು. ಈಗ ನೆನಪು ಮತ್ತು ಕಾಗದ, ಎರಡೇ.

ನಿಯಮ ಚುಟುಕಾಗಿ: ಕೈಗೆ ನಾಲ್ಕು ಎಲೆ, ನಡುವಿನ ಬೋರ್ಡ್ ಮೇಲೆ ಎಲ್ಲರಿಗೂ ಸೇರಿದ ಐದು: ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಒಂದು (ರಿವರ್). ಕೈಯಿಂದ ಸರಿಯಾಗಿ ಎರಡು, ಬೋರ್ಡ್‌ನಿಂದ ಸರಿಯಾಗಿ ಮೂರು ತೆಗೆದುಕೊಳ್ಳಬೇಕು. ಹೈಗೆ (ಅತಿ ಬಲವಾದ ಐದೆಲೆಗೆ) ಅರ್ಧ, ಲೋಗೆ (ಅತಿ ಸಣ್ಣ ಐದೆಲೆಗೆ) ಅರ್ಧ. ಲೋ ಆಗಬೇಕಾದರೆ 8 ಅಥವಾ ಅದಕ್ಕಿಂತ ಕೆಳಗಿನ ಐದು ಬೇರೆಬೇರೆ ಎಲೆ ಬೇಕು, ಎಕ್ಕಾ ಎಲ್ಲಕ್ಕಿಂತ ಕೆಳಗಿನದು. ಲೋ ಯಾರಿಗೂ ಆಗದಿದ್ದರೆ ಹೈ ಆದವರಿಗೇ ಪೂರ್ತಿ. ಲೋ ಇಬ್ಬರಿಗೆ ಸಮವಾದರೆ ಆ ಅರ್ಧವೂ ಸೀಳುತ್ತದೆ, ಒಬ್ಬೊಬ್ಬರಿಗೆ ಕಾಲು ಪಾಲು. ಮನೆಯಾಟದ ಸೋಲಿನ ದೊಡ್ಡ ಪಾಲು ಈ ಕಾಲು ಪಾಲಿನಲ್ಲೇ ಇದೆ.

ವಹಿಯಿಂದ ಶುರು ಮಾಡೋಣ. ಖಡೇಬಜಾರದ ಹಳೆಯ ಅಂಗಡಿಗಳಲ್ಲಿ ಕಿರ್ದಿ ಬರೆಯುವ ಹಾಗೆಯೇ: ಒಂದು ಪಾಟ್‌ಗೆ ಒಂದು ಸಾಲು. ಕೈಯ ನಾಲ್ಕು ಎಲೆ, ಬೋರ್ಡ್, ಟರ್ನ್‌ನಲ್ಲಿ ಉಳಿದವರ ಸಂಖ್ಯೆ, ಖರ್ಚು, ಜಮಾ, ಕೊನೆಗೆ ಒಂದೇ ಶಬ್ದ: ಪೂರ್ತಿ, ಅರ್ಧ, ಕಾಲು, ಇಲ್ಲ. ಫ್ಲಾಪ್‌ಗೆ ಮೊದಲೇ ಬಿಟ್ಟ ಕೈ ಬರೆಯುವುದು ಬೇಡ. ನಾಲ್ಕು ಗಂಟೆಯ ಆಟದಲ್ಲಿ ಹದಿನೈದರಿಂದ ಇಪ್ಪತ್ತೈದು ಸಾಲು ಬರುತ್ತದೆ. ಎಲೆ ಹಂಚುವಾಗ ಸಿಗುವ ಅರ್ಧ ನಿಮಿಷ ಅದಕ್ಕೆ ಸಾಕು. ಒಂದು ಸಾಲನ್ನೇ ನೋಡಿ:

ಎಕ್ಕಾ, 2, ರಾಣಿ, 9 – ಬೋರ್ಡ್ 4, 7, ರಾಜ, 8, ರಾಜ – ಮೂವರು – ಖರ್ಚು 20 – ಜಮಾ 16 – ಕಾಲು.

ಆ ಹೊತ್ತಿನಲ್ಲಿ ಇದು ಸೋತ ಕೈ ಅನ್ನಿಸುವುದೇ ಇಲ್ಲ. ಎಕ್ಕಾ-ದುರ್ರಿ (ಎಕ್ಕಾ ಮತ್ತು 2) ಕೈಯಲ್ಲಿದೆ, ಎಕ್ಕಾ-2-4-7-8ಕ್ಕಿಂತ ಒಳ್ಳೆಯ ಲೋ ಈ ಬೋರ್ಡ್ ಮೇಲೆ ಆಗುವುದೇ ಇಲ್ಲ, ಟರ್ನ್‌ನಲ್ಲೂ ರಿವರ್‌ನಲ್ಲೂ ರೇಜ್ ಮಾಡಿ (ಬೆಟ್ ಏರಿಸಿ) 8-8 ಬಿಲ್ಲೆ ಹಾಕಿದ್ದೂ ಆಯಿತು. ಆದರೆ ಎದುರಿನವರ ಕೈಯಲ್ಲಿ ಎಕ್ಕಾ, 2, 5, 6 ಇತ್ತು. ಲೋ ಸಮ. 5-6ಕ್ಕೆ ಬೋರ್ಡ್‌ನ 4-7-8 ಸೇರಿ ನೇರ ಸಾಲಾಗಿ ಹೈ ಅವರದೇ. ಮೂರನೆಯವರ ಮೂರು ರಾಜ ವ್ಯರ್ಥ. 64 ಬಿಲ್ಲೆಯ ಪಾಟ್‌ನಲ್ಲಿ (ಮೊದಲೇ ಬಿಟ್ಟವರ 4 ಸೇರಿ) ಅವರಿಗೆ 48, ಈ ಕೈಗೆ 16. ನಾಲ್ಕು ಬಿಲ್ಲೆ ಹೋಯಿತು, ಅದೂ ಆಟದ ಅತ್ಯುತ್ತಮ ಲೋ ಹಿಡಿದು.

ಇಲ್ಲಿ ವಹಿಯ ಬೆಲೆ ತಿಳಿಯುತ್ತದೆ. ಎರಡೂ ಸುತ್ತಿನಲ್ಲಿ ರೇಜ್ ಮಾಡದೆ ಬೆಟ್‌ಗೆ ಸಮ ಹಾಕಿದ್ದರೆ ಖರ್ಚು 12, ಪಾಟ್ 40, ಕಾಲು ಪಾಲಿಗೆ 10, ನಷ್ಟ 2. ಹಾಗಾದರೆ ರೇಜ್ ತಪ್ಪೇ? ಬೇಗ ತೀರ್ಪು ಕೊಡಬಾರದು. ಲೋ ಒಬ್ಬರದೇ ಆಗಿದ್ದರೆ ರೇಜ್ ಇಲ್ಲದೆ 8 ಲಾಭ, ರೇಜ್ ಇದ್ದರೆ 12. ಅಂದರೆ ಮೂವರು ಉಳಿದಾಗ ರೇಜ್ ಸರಿಯಾದರೆ 4 ಹೆಚ್ಚು, ಕೆಟ್ಟರೆ 2 ಕಡಿಮೆ. ಮೂರರಲ್ಲಿ ಎರಡು ಸಲಕ್ಕಿಂತ ಹೆಚ್ಚು ಲೋ ಸೀಳಿದರೆ ಮಾತ್ರ ಅದು ನಷ್ಟದ ಆಟ.

ಮೂರನೆಯವರು ಟರ್ನ್‌ನಲ್ಲೇ ಎಲೆ ಬಿಟ್ಟು ಇಬ್ಬರೇ ಉಳಿದರೆ ಲೆಕ್ಕ ಪೂರ್ತಿ ತಿರುಗುತ್ತದೆ. ರೇಜ್ ಇಲ್ಲದೆ ಪಾಟ್ 32: ಅರ್ಧ ಬಂದರೆ 4 ಲಾಭ, ಕಾಲು ಬಂದರೆ 4 ನಷ್ಟ. ರೇಜ್ ಮಾಡಿದರೆ ಪಾಟ್ 48: ಅರ್ಧಕ್ಕೆ ಅದೇ 4 ಲಾಭ, ಕಾಲಿಗೆ 8 ನಷ್ಟ. ಬರೀ ಲೋ ಹಿಡಿದು ಒಬ್ಬರೆದುರು ಇಟ್ಟ ರೇಜ್ ಸರಿಯಾದಾಗ ನಮ್ಮ ಬಿಲ್ಲೆಯನ್ನೇ ನಮಗೆ ವಾಪಸ್ ಕೊಡುತ್ತದೆ, ತಪ್ಪಾದಾಗ ಇಮ್ಮಡಿ ಕಸಿಯುತ್ತದೆ. ಆ ರೇಜ್‌ಗೆ ಎದುರಿನವರು ಎಲೆ ಬಿಡುವ ಸಾಧ್ಯತೆ ಇದ್ದರೆ ಮಾತು ಬೇರೆ, ಆದರೆ ಮನೆಯಾಟದಲ್ಲಿ ರಿವರ್‌ವರೆಗೆ ಬಂದವರು ಬಿಡುವುದು ಅಪರೂಪ. ವಹಿಯಲ್ಲಿ ಜನರ ಸಂಖ್ಯೆಯ ಕಲಂ ಇರಲೇಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ಅದಿಲ್ಲದೆ ಬರೀ ಖರ್ಚು-ಜಮಾ ಬರೆದರೆ ರೇಜ್ ಸರಿಯೋ ತಪ್ಪೋ ಎಂದು ಹೇಳಲು ಬರುವುದಿಲ್ಲ.

ವಹಿ ಕೆಡುವುದು ಎರಡು ಕಡೆ. ಸೋತ ದೊಡ್ಡ ಪಾಟ್‌ಗಳನ್ನಷ್ಟೇ ಬರೆದರೆ ಅದು ದುಃಖದ ಪಟ್ಟಿ ಆಗುತ್ತದೆ, ಕಾಲು ಪಾಲಿನ ಸಾಲುಗಳು ಅದರಲ್ಲಿ ಬರುವುದೇ ಇಲ್ಲ. ಮರುದಿನ ಬರೆದರಂತೂ ಖರ್ಚಿನ ಅಂಕಿ ತಾನಾಗಿ ಇಳಿದಿರುತ್ತದೆ. ಮಲಗಿ ಎದ್ದ ಮೇಲೆ ರೇಜ್‌ಗಳು ನೆನಪಿನಿಂದ ಜಾರುತ್ತವೆ, ಎಲೆ ಮಾತ್ರ ಉಳಿಯುತ್ತವೆ.

ಎರಡನೆಯದು ಎಲೆ ಹರವಿ ನೋಡುವುದು. 52 ಎಲೆಯ ಕಟ್ಟಿನಿಂದ ನಿಮ್ಮ ನಾಲ್ಕು ಎಲೆ, ಫ್ಲಾಪ್‌ನ ಮೂರು ಎಲೆ ತೆಗೆದಿಡಿ. ಉಳಿದ 45 ಕಲೆಸಿ, ಮೇಲಿನ ಎರಡನ್ನು ಟರ್ನ್ ಮತ್ತು ರಿವರ್ ಎಂದು ಬಿಚ್ಚಿ, ಲೋ ಆದರೆ ಒಂದು ಗೆರೆ ಎಳೆದುಕೊಳ್ಳಿ. 30 ಸಲಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಶೇಕಡಾ ತಿಳಿಯಲು ಇದು ಕೆಟ್ಟ ವಿಧಾನ, ಅದನ್ನು ನೇರವಾಗಿಯೇ ಹೇಳಬೇಕು. ಎಕ್ಕಾ-ದುರ್ರಿ ಹಿಡಿದು ಫ್ಲಾಪ್‌ನಲ್ಲಿ 4, 7, ಗುಲಾಮ ಬಂದಾಗ 45ರಲ್ಲಿ 16 ಎಲೆ (ನಾಲ್ಕು 3, ನಾಲ್ಕು 5, ನಾಲ್ಕು 6, ನಾಲ್ಕು 8) ಲೋ ಮುಗಿಸುತ್ತವೆ, ಎರಡು ಅವಕಾಶದಲ್ಲಿ ಶೇ. 59. ಆದರೆ 30 ಸಲದಲ್ಲಿ 13 ಬಂದರೂ 22 ಬಂದರೂ ಆಶ್ಚರ್ಯವಿಲ್ಲ. ಅಷ್ಟರಿಂದ ಯಾವ ನಿರ್ಧಾರವನ್ನೂ ಕಟ್ಟಬೇಡಿ.

ಎಲೆಯ ವಿಧಾನ ಗೆಲ್ಲುವುದು ಬೇರೆ ಕಡೆ, ಓದುವ ತಪ್ಪು ಹಿಡಿಯುವುದರಲ್ಲಿ. ಬೋರ್ಡ್‌ನಲ್ಲಿ ಎಕ್ಕಾ, 3, 5, 7, ಗುಲಾಮ, ಕೈಯಲ್ಲಿ 2, 10, ರಾಣಿ, ರಾಜ. ಕಣ್ಣಿಗೆ ಎಕ್ಕಾ-2-3-5-7 ಕಾಣುತ್ತದೆ, ಆದರೆ ಅದಕ್ಕೆ ಕೈಯಿಂದ ಒಂದೇ ಎಲೆ ಬಿದ್ದಿದೆ. ಲೋ ಇಲ್ಲವೇ ಇಲ್ಲ. ಬೋರ್ಡ್ ಮೇಲೆ ನಾಲ್ಕು ಬದಾಮ (ಹಾರ್ಟ್) ಇದ್ದು ಕೈಯಲ್ಲಿ ಬದಾಮದ ಎಕ್ಕಾ ಒಂದೇ ಇದ್ದಾಗಲೂ ಹೀಗೇ, ಫ್ಲಶ್ (ಐದೂ ಒಂದೇ ಜಾತಿಯ ಎಲೆ) ಆಗುವುದಿಲ್ಲ. ಇದನ್ನು ಬಾಯಲ್ಲಿ ಹೇಳಿ ಕಲಿಸಲು ಬರುವುದಿಲ್ಲ. ಕೈಯ ಎರಡು ಎಲೆಯನ್ನು ಬೆರಳಿನಿಂದ ಮುಂದಕ್ಕೆ ಸರಿಸಿ, ಬೋರ್ಡ್‌ನ ಮೂರನ್ನು ಕೆಳಕ್ಕೆ ಎಳೆದು ಪಕ್ಕದಲ್ಲಿ ಇಡಬೇಕು. ಹೈಗೆ ಒಮ್ಮೆ ಸರಿಸಿ, ವಾಪಸ್ ಇಟ್ಟು, ಲೋಗೆ ಮತ್ತೆ ಸರಿಸಿ. ಹೈಗೆ ಬೇರೆ ಎರಡು, ಲೋಗೆ ಬೇರೆ ಎರಡು ಬಳಸಬಹುದು ಎಂಬುದು ಹೊಸಬರಿಗೆ ಆಗಲೇ ಮನವರಿಕೆ ಆಗುವುದು.

ಎಕ್ಕಾ-ದುರ್ರಿ ಸಾಯುವ ಬಗೆಯೂ ಇಲ್ಲೇ ಕಾಣುತ್ತದೆ. ಫ್ಲಾಪ್ 3, 7, 8: ಲೋ ಆಗಿಹೋಯಿತು, ಅದೂ ಅತ್ಯುತ್ತಮ. ಟರ್ನ್‌ನಲ್ಲಿ 2 ಬಂತು. ನಿಮ್ಮ ಲೋ ಈಗಲೂ ಎಕ್ಕಾ-2-3-7-8, ಆದರೆ ಎಕ್ಕಾ-4 ಹಿಡಿದವರು ಎಕ್ಕಾ-2-3-4-7 ಮಾಡಿ ಮುಂದೆ ಹೋದರು. ಕೈಯಲ್ಲಿ ಮೂರನೆಯ ಸಣ್ಣ ಎಲೆ ಇದ್ದರೆ ಈ ಪೆಟ್ಟು ತಪ್ಪುತ್ತದೆ. ಎಕ್ಕಾ, 2, 3 ಮೂರೂ ಇದ್ದು ಫ್ಲಾಪ್ 4, 7, ಗುಲಾಮ ಆದಾಗ ಲೋ ಮುಗಿಸುವ ಎಲೆ 16 ಅಲ್ಲ, 21. ಶೇ. 59 ಹೋಗಿ ಶೇ. 72 ಆಗುತ್ತದೆ. ಅದೇ ಎಕ್ಕಾ-ದುರ್ರಿಗೆ ಫ್ಲಾಪ್‌ನಲ್ಲಿ ಒಂದೇ ಸಣ್ಣ ಎಲೆ ಬಿದ್ದರೆ ಶೇ. 16 ಮಾತ್ರ. ಆ ಶೇ. 16ಕ್ಕೆ, ಅದೂ ಅರ್ಧ ಪಾಟ್‌ಗೆ, ಬೆಟ್ ಮೇಲೆ ಬೆಟ್ ಹಾಕಿದ ಸಾಲು ವಹಿಯಲ್ಲಿ ಇದ್ದರೆ ಮೊದಲು ತಿದ್ದಬೇಕಾದದ್ದು ಅದನ್ನೇ.

ಆ್ಯಪ್ ವಿಷಯಕ್ಕೆ ಬಂದರೆ, ಮೇಲಿನ ಶೇಕಡಾಗಳನ್ನು ಅದು ಕ್ಷಣದಲ್ಲಿ ಕೊಡುತ್ತದೆ. ಮೊದಲ ತಪ್ಪು ಆಟ ಆರಿಸುವುದರಲ್ಲೇ ಆಗುತ್ತದೆ: ಪಟ್ಟಿಯಲ್ಲಿ ಬರೀ ಒಮಾಹ ಇದ್ದರೆ ಅದು ಹೈ ಮಾತ್ರದ ಆಟ. ಹೈ-ಲೋ, 8ರ ಮಿತಿ ಎಂದು ಇರುವುದನ್ನೇ ಒತ್ತಬೇಕು. ಎರಡನೆಯ ತಪ್ಪು ಇನ್ನೂ ಕೆಟ್ಟದ್ದು. ಎದುರಾಳಿಗಳ ಎಲೆ ಖಾಲಿ ಬಿಟ್ಟರೆ ಆ್ಯಪ್ ಅವರಿಗೆ ಯಾವ ನಾಲ್ಕು ಎಲೆ ಬೇಕಾದರೂ ಇರಬಹುದು ಎಂದು ಹಿಡಿಯುತ್ತದೆ. ನಾಲ್ಕು ಎಲೆಯಲ್ಲಿ ಎಕ್ಕಾ-ದುರ್ರಿ ಎರಡೂ ಸಿಗುವುದು ಶೇ. 6.4, ಅಂದರೆ ನಾಲ್ಕು ಗಂಟೆಯ ಆಟದಲ್ಲಿ ಐದಾರು ಸಲ. ನಿಮ್ಮ ಕೈಯಲ್ಲಿ ಆಗಲೇ ಒಂದು ಜೊತೆ ಇದ್ದರೆ ಒಬ್ಬ ಎದುರಾಳಿಗೂ ಅದು ಇರುವ ಸಾಧ್ಯತೆ ಶೇ. 4.4ಕ್ಕೆ ಇಳಿಯುತ್ತದೆ, ಇಬ್ಬರಲ್ಲಿ ಒಬ್ಬರಿಗಾದರೂ ಎಂದರೆ ಶೇ. 9ಕ್ಕೂ ಕಡಿಮೆ. ಆ ಅಂಕಿ ನಂಬಿದರೆ ರೇಜ್ ಮೇಲೆ ರೇಜ್ ಹಾಕಬೇಕು. ಆದರೆ ಫ್ಲಾಪ್‌ನಲ್ಲಿ ಎರಡು ಸಣ್ಣ ಎಲೆ ಬಿದ್ದ ಮೇಲೂ, ಎರಡು ರೇಜ್ ತಿಂದ ಮೇಲೂ ಕೂತಿರುವವರ ಕೈಯಲ್ಲಿ ಯಾವ ಎಲೆ ಬೇಕಾದರೂ ಇರುವುದಿಲ್ಲ. ಅವರು ಕೂತಿರುವುದೇ ಎಕ್ಕಾ-ದುರ್ರಿಯೋ ಬಲವಾದ ಹೈಯೋ ಇರುವುದರಿಂದ. ಆರು ಮಂದಿಗೆ ಹಂಚಿದ ಹೊತ್ತಿನಲ್ಲೇ ಉಳಿದ ಐವರಲ್ಲಿ ಯಾರಿಗಾದರೂ ಎಕ್ಕಾ-ದುರ್ರಿ ಇರುವ ಸಾಧ್ಯತೆ ಐದರಲ್ಲಿ ಒಂದು, ಮತ್ತೆ ಹಾಗೆ ಇದ್ದವರು ಎಲೆ ಬಿಡುವುದಿಲ್ಲ. ಹೀಗಾಗಿ ಆ್ಯಪ್‌ಗೆ ನಾವು ಖಾಲಿ ಎದುರಾಳಿ ಕೊಡುವುದನ್ನೇ ನಿಲ್ಲಿಸಿದೆವು. ಒಬ್ಬರಿಗೆ ಎಕ್ಕಾ-ದುರ್ರಿ, ಇನ್ನೊಬ್ಬರಿಗೆ ದೊಡ್ಡ ಜೋಡಿ ಕೊಟ್ಟು ಒಮ್ಮೆ, ಇಬ್ಬರಿಗೂ ದೊಡ್ಡ ಎಲೆ ಕೊಟ್ಟು ಒಮ್ಮೆ ನಡೆಸಿ, ಎರಡು ಉತ್ತರದ ಅಂತರ ನೋಡುತ್ತೇವೆ. ಒಂದೇ ಅಂಕಿಗಿಂತ ಆ ಅಂತರದಲ್ಲಿ ಹೆಚ್ಚು ಬುದ್ಧಿ ಇದೆ.

ಇನ್ನೊಂದು ಮಿತಿ: ಶೇಕಡಾ ಅಂಕಿಯೊಳಗೆ ಮುಂದಿನ ಬೆಟ್‌ಗಳು ಇರುವುದಿಲ್ಲ. ಫ್ಲಾಪ್‌ನಲ್ಲಿ 2 ಬಿಲ್ಲೆಗೆ ಉಳಿದದ್ದು ಸರಿ ಎಂದು ಆ್ಯಪ್ ಹೇಳಬಹುದು, ಆದರೆ ಉಳಿದವರು ಟರ್ನ್‌ನಲ್ಲಿ 4, ರೇಜ್ ಆದರೆ 8 ತೆರಬೇಕು. ಅದನ್ನು ವಹಿಯ ಖರ್ಚಿನ ಕಲಂ ಮಾತ್ರ ತೋರಿಸುತ್ತದೆ.

ಚಹಾದ ಚರ್ಚೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಿವರ್‌ನ ಕೊನೆಯ ಎಲೆ, ನಸೀಬು, ಯಾರು ಎಂಥ ಕೈಗೆ ಕೂತರು – ಮಾತು ಅಲ್ಲೇ ಸುತ್ತುತ್ತದೆ. ಕಾಲು ಪಾಲಿನ ಕೈ ಯಾರ ಬಾಯಲ್ಲೂ ಬರುವುದಿಲ್ಲ. ಒಂದು ಲಾಭ ಮಾತ್ರ ನಿಜವಾದದ್ದು: ಮುಚ್ಚಿಟ್ಟು ಬಿಟ್ಟ ಎಲೆ ಯಾವುದು ಎಂದು ಕೇಳಿದರೆ ಗೆಳೆಯರು ಆಗಲೇ ಹೇಳುತ್ತಾರೆ, ನಾಳೆ ಕೇಳಿದರೆ ಮರೆತಿರುತ್ತಾರೆ. ಅಷ್ಟು ಕೇಳಿ ವಹಿಯ ಅಂಚಿನಲ್ಲಿ ಬರೆದುಕೊಳ್ಳಿ.

ಸೆವೆನ್ ಕಾರ್ಡ್ ಸ್ಟಡ್ ಹೈ-ಲೋ ಆಡುವವರಿಗೆ ಈ ಕ್ರಮ ಬದಲಾಗುತ್ತದೆ. ಅಲ್ಲಿ ನಡುವಿನ ಬೋರ್ಡ್ ಇಲ್ಲ, ಎಲ್ಲರ ಮುಂದೆಯೂ ನಾಲ್ಕು ತೆರೆದ ಎಲೆ. ಯಾರು ಯಾವ ಸಣ್ಣ ಎಲೆ ಬಿಟ್ಟು ಹೋದರು ಎಂಬುದರ ಮೇಲೆ ಲೋ ನಿಂತಿರುತ್ತದೆ, ಒಂದು ಸಾಲಿನಲ್ಲಿ ಅದು ಹಿಡಿಸುವುದಿಲ್ಲ. ಹಾಗಾಗಿ ಅಲ್ಲಿ ಎಲೆ ಹರವುವುದೇ ಮೊದಲು, ವಹಿ ಆಮೇಲೆ.

ಒಮಾಹ ಹೈ-ಲೋಗೆ ಮಾತ್ರ ನಮ್ಮ ಮತ ವಹಿಗೇ. ಆಟದ ನಡುವೆಯೇ ಸಾಲು ಬರೆಯಿರಿ, ಎದ್ದು ಹೋಗುವ ಮೊದಲು ಖರ್ಚು-ಜಮಾ ಕೂಡಿಸಿ, ಕೈಯಲ್ಲಿ ಉಳಿದ ಬಿಲ್ಲೆಗೆ ತಾಳೆ ನೋಡಿ. ಫ್ಲಾಪ್‌ಗೆ ಮೊದಲೇ ಬಿಟ್ಟ ಕೈಗಳ ಬ್ಲೈಂಡ್ (ಎಲೆ ನೋಡುವ ಮೊದಲೇ ಹಾಕಬೇಕಾದ) ಬಿಲ್ಲೆಯನ್ನು ಕೊನೆಯಲ್ಲಿ ಒಂದೇ ಸಾಲಾಗಿ ಸೇರಿಸಿದರೆ ಲೆಕ್ಕ ಕೂಡುತ್ತದೆ. ಕೂಡದಿದ್ದರೆ ಒಂದು ರೇಜ್ ಬರೆಯಲು ಮರೆತಿದ್ದೀರಿ ಎಂದೇ ಅರ್ಥ. ಮರುದಿನ 'ಕಾಲು' ಎಂದಿರುವ ಸಾಲುಗಳನ್ನಷ್ಟೇ ಎಲೆ ಹರವಿ ನೋಡಿ. ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಕೈ ಆ್ಯಪ್‌ಗೆ ಕೊಡಿ. ಎದುರಿನವರು ತೋರಿಸದ ಎಲೆಯ ಜಾಗದಲ್ಲಿ ಒಂದು ಅಡ್ಡಗೆರೆ ಹಾಕಿ ಬಿಡಿ, ಊಹಿಸಿ ತುಂಬಬೇಡಿ. ತುಂಬಿದರೆ ಹತ್ತು ಸಂಜೆ ಕಳೆದ ಮೇಲೆ ನೋಡಿದಾಗ ಊಹೆ ಯಾವುದು, ಕಂಡದ್ದು ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ.